ಎತ್ತಿಗೆ ಜ್ವರ, ಲಿಂಕರ್‌ಗೆ ಬರೆ

ಬಿಲ್ಡ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸ, ಮುರಿದುಬಿದ್ದಾಗ ಯಾರೇ ಆಗಲಿ ಮೊದಲು ಮಾಡುವುದು ಒಂದೇ ಕೆಲಸ: ಪರದೆಯ ಕೊಟ್ಟಕೊನೆಯ ಸಾಲನ್ನು ಕಾಪಿ ಮಾಡಿ ಗೊತ್ತಿದ್ದವರಿಗೆ ಕಳಿಸುವುದು. ಆ ಸಾಲಿನಲ್ಲಿ ಇರುವುದೂ ಸಾಮಾನ್ಯವಾಗಿ ಒಂದೇ ಮಾತು: 'ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್.' ಕನ್ನಡದಲ್ಲಿ ಹೇಳುವುದಾದರೆ, 'ಒಳಗೆ ಏನೋ ಆಗಿದೆ, ನನ್ನನ್ನು ಕೇಳಬೇಡಿ.' ಕಲೆಕ್ಟ್2 ಅನ್ನುವುದು ಕೋಡನ್ನು ಯಂತ್ರಭಾಷೆಗೆ ಇಳಿಸುವ ಜಿಸಿಸಿ ಎಂಬ ಕಂಪೈಲರ್‌ಗೂ, ತುಂಡುಗಳನ್ನು ಜೋಡಿಸುವ ಎಲ್‌ಡಿ ಎಂಬ ಲಿಂಕರ್‌ಗೂ ನಡುವೆ ಕಾಗದ ಹಿಡಿದು ಓಡಾಡುವ ಜವಾನ. ಸಾಹೇಬರು ಒಳಗೆ ಯಾಕೆ ಕೂಗಾಡಿದರು ಅಂತ ಅವನನ್ನು ಕೇಳಿದರೆ ಅವನಾದರೂ ಏನು ಹೇಳಿಯಾನು?

ಈ ವ್ಯವಹಾರದಲ್ಲಿ ತಪ್ಪು ನಡೆದ ಜಾಗ ಒಂದು, ಸಿಕ್ಕಿಬಿದ್ದ ಜಾಗ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಂದೇಶ ಬೊಟ್ಟು ಮಾಡುವುದು ಬಹಳ ಸಲ ಎಮ್ಮೆಯ ಕಡೆಗೆ. ಎತ್ತನ್ನು ನೀವೇ ಹುಡುಕಿಕೊಳ್ಳಬೇಕು.

ಕ್ಲಾಸ್ ಮುಗಿದ ಮೇಲೆ ಸೆಮಿಕೋಲನ್ ಬಿಟ್ಟರೆ ಈಗಿನ ಕಂಪೈಲರ್‌ಗಳು ಮರ್ಯಾದೆಯಾಗಿ ಅದೇ ಜಾಗ ತೋರಿಸುತ್ತವೆ. ಆದರೆ ಹೆಡರ್ ಫೈಲಿನಲ್ಲಿ (ಹಲವು ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲು) ನೇಮ್‌ಸ್ಪೇಸ್ ಎಂಬ ಹೆಸರುಗಳ ಆವರಣ ಮುಚ್ಚುವ ಬ್ರೇಸ್ ಒಂದನ್ನು ಬಿಟ್ಟು ನೋಡಿ. ಆ ಹೆಡರ್ ಆದಮೇಲೆ ಇನ್‌ಕ್ಲೂಡ್ ಆಗುವುದೆಲ್ಲ ನಿಮ್ಮ ನೇಮ್‌ಸ್ಪೇಸ್ ಹೊಟ್ಟೆಯೊಳಗೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಪಾಪದ ವೆಕ್ಟರ್ ಹೆಡರ್ ಇದ್ದರೆ ಸ್ಟ್ಯಾಂಡರ್ಡ್ ಲೈಬ್ರರಿಯೇ ಅಲ್ಲಿ ಕೈದಿ. ಆಮೇಲೆ ಬರುವ ಸಂದೇಶಗಳೋ, ಹನುಮಂತನ ಬಾಲ. ಪ್ರತಿ ಸಾಲಿನಲ್ಲೂ ನೀವು ಯಾವತ್ತೂ ತೆರೆದು ನೋಡಿರದ ಯಾವುದೋ ಸಿಸ್ಟಮ್ ಫೈಲಿನ ಹೆಸರು. ನೂರಾರು ಸಾಲು ಓದಿದ ಮೇಲೆ ಜಿಸಿಸಿ ಬರೆದವರಿಗೇ ಸಿ++ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಕುಣಿಯಲಾರದವರಿಗೆ ನೆಲ ಡೊಂಕು.

ಮದ್ದು ಇಷ್ಟೇ: ಕೊನೆಯಿಂದ ಓದಬೇಡಿ, ಮೊದಲ ಎರರ್ ಓದಿ. '-ಡಬ್ಲ್ಯೂಫೇಟಲ್-ಎರರ್ಸ್' ಎಂಬ ಫ್ಲ್ಯಾಗ್ ಕೊಟ್ಟರೆ ಜಿಸಿಸಿಯೂ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರೂ ಮೊದಲ ತಪ್ಪಿಗೇ ಬಾಯಿ ಮುಚ್ಚುತ್ತವೆ. ಆ ಒಂದರ ತಲೆಯ ಮೇಲೆ 'ಇನ್ ಫೈಲ್ ಇನ್‌ಕ್ಲೂಡೆಡ್ ಫ್ರಮ್' ಎಂದು ಶುರುವಾಗುವ ವಂಶಾವಳಿ ಇರುತ್ತದೆ. ಅದರಲ್ಲಿ ನಿಮ್ಮ ಸ್ವಂತ ಫೈಲು ಯಾವುದೋ ಅದಕ್ಕೆ ಹೋಗಿ, ಆ ಸಾಲಿಗಿಂತ ಸ್ವಲ್ಪ ಮೊದಲು ಸೇರಿಕೊಂಡ ಹೆಡರ್‌ನ ಬಾಲ ನೋಡಿ. ಎತ್ತು ಅಲ್ಲೇ ಮಲಗಿರುತ್ತದೆ. ಹದಿನಾರು ಕೆಲಸ ಒಟ್ಟಿಗೆ ಓಡಿಸಿದ್ದರೆ ಹದಿನಾರು ಬಾಯಿಗಳ ಕೂಗು ಕಲಸಿಹೋಗಿ ಮೊದಲನೆಯದು ಯಾವುದೆಂದೇ ತಿಳಿಯದು. ಇನ್ನೊಮ್ಮೆ '-ಜೆ1' ಕೊಟ್ಟು, ಅಂದರೆ ಒಂದೊಂದೇ ಕೆಲಸವಾಗಿ, ಓಡಿಸಿ.

ಕಂಪೈಲರ್ ಬಾಯಿಬಡುಕ. ಏನೋ ಒಂದು ಸುಳಿವು ಬಿಟ್ಟುಕೊಡುತ್ತದೆ. ಲಿಂಕರ್ ಹಾಗಲ್ಲ. ಅವನು ಹಳೇ ಕಾಲದ ಗುಮಾಸ್ತ. ಅವನಿಗೆ ಸಿ ಗೊತ್ತಿಲ್ಲ, ಸಿ++ ಗೊತ್ತಿಲ್ಲ, ನಿಮ್ಮ ಡೆಡ್‌ಲೈನ್ ಅಂತೂ ಗೊತ್ತೇ ಇಲ್ಲ. ಅವನ ಮೇಜಿನ ಮೇಲೆ ಎರಡು ಪಟ್ಟಿ: 'ಬೇಕು' ಅಂತ ಒಂದು, 'ಇದೆ' ಅಂತ ಒಂದು. ಅಕ್ಷರಕ್ಕೆ ಅಕ್ಷರ ಹೊಂದಿಸಿ ಟಿಕ್ ಹಾಕುತ್ತಾನೆ. ಹೊಂದದೇ ಉಳಿದದ್ದಕ್ಕೆ 'ಅನ್‌ಡಿಫೈನ್ಡ್ ರೆಫರೆನ್ಸ್' ಅನ್ನುತ್ತಾನೆ. ಮೈಕ್ರೋಸಾಫ್ಟ್ ಮನೆಯ ಗುಮಾಸ್ತ ಇದನ್ನೇ ಎಲ್‌ಎನ್‌ಕೆ2019 ಎಂಬ ನಂಬರ್ ಹಾಕಿ ಹೇಳುತ್ತಾನೆ.

ಕಂಪೈಲ್ ಆಗಿದ್ದು ಲಿಂಕ್ ಯಾಕೆ ಆಗಲಿಲ್ಲ ಅಂತ ಗೋಳಾಡುವವರಿಗೆ ಉತ್ತರ ಸರಳ. ಹೆಡರ್ ಫೈಲ್ ಎಂದರೆ ಚುನಾವಣಾ ಪ್ರಣಾಳಿಕೆ. 'ಈ ಫಂಕ್ಷನ್ ಎಲ್ಲೋ ಇದೆ, ನಂಬಿ' ಅನ್ನುತ್ತದೆ. ಕಂಪೈಲರ್ ನಂಬಿ ವೋಟು ಹಾಕುವ ಮತದಾರ. ಆಮೇಲೆ ಬಂದು 'ಎಲ್ಲಿದೆ ತೋರಿಸಿ' ಅನ್ನುವ ಆಡಿಟರ್ ಈ ಲಿಂಕರ್.

ತೋರಿಸಲಾಗದೆ ಇರುವುದಕ್ಕೆ ಕಾರಣಗಳು ಹಲವು. ಎಲ್ಲಕ್ಕಿಂತ ನಾಚಿಕೆಗೇಡಿನದು, ಎಲ್ಲಕ್ಕಿಂತ ಸಾಮಾನ್ಯವಾದದ್ದು: ಫಂಕ್ಷನ್ ಬರೆದ ಹೊಸ ಫೈಲನ್ನು ಬಿಲ್ಡ್ ಪಟ್ಟಿಗೆ ಸೇರಿಸಿಯೇ ಇಲ್ಲ. ಎಡಿಟರ್‌ನಲ್ಲಿ ಆ ಫೈಲು ತೆರೆದು ಕಣ್ಣ ಮುಂದೆಯೇ ಇರುತ್ತದೆ, ಆದ್ದರಿಂದ ಲಿಂಕರ್‌ಗೂ ಕಾಣಿಸುತ್ತಿದೆ ಅಂತ ನಮ್ಮ ಭಾವನೆ. ಎರಡನೆಯದು ಇನ್ನೂ ಸೊಗಸು. ಹೆಡರ್‌ನಲ್ಲಿ ಶೇಪ್ ಎಂಬ ಕ್ಲಾಸಿಗೆ ಡ್ರಾ ಎಂಬ ಫಂಕ್ಷನ್ ಇದೆ. ಸೋರ್ಸ್ ಫೈಲಿನಲ್ಲಿ 'ಶೇಪ್' ಎಂಬ ಮನೆತನದ ಹೆಸರು ಮತ್ತು ಜೋಡಿ ಕೋಲನ್ ಬಿಟ್ಟು, ಬರೀ 'ಡ್ರಾ' ಎಂದು ಬರೆದಿದೆ. ಒಳಗೆ ಕ್ಲಾಸಿನ ಯಾವ ಮೆಂಬರನ್ನೂ ಮುಟ್ಟಿಲ್ಲದಿದ್ದರೆ ಕಂಪೈಲರ್‌ಗೆ ತಕರಾರೇ ಇಲ್ಲ, ಅದು ಯಾರಿಗೂ ಸೇರದ ಸ್ವತಂತ್ರ ಫಂಕ್ಷನ್ ಆಗಿ ಹುಟ್ಟುತ್ತದೆ. ಗುಮಾಸ್ತ ಹುಡುಕುತ್ತಿರುವುದು ಶೇಪ್ ಮನೆತನದ ಡ್ರಾ. ಸಿಕ್ಕಿರುವುದು ಬೀದಿಬದಿಯ ಡ್ರಾ. ಸಂದೇಶ ಓದಿ ಸೋರ್ಸ್ ಫೈಲ್ ತೆರೆದರೆ ಫಂಕ್ಷನ್ ನಿಮ್ಮನ್ನೇ ನೋಡಿ ನಗುತ್ತಿರುತ್ತದೆ.

ಇಂಥ ಹೊತ್ತಿಗೆ ಎನ್‌ಎಂ ಎಂಬ ಪುಟ್ಟ ಕಮಾಂಡ್ ಬೇಕು. ದೊಡ್ಡಕ್ಷರದ ಸಿ ಫ್ಲ್ಯಾಗ್ ಜೊತೆ ಕಂಪೈಲರ್ ಹೊರಹಾಕಿದ ಯಾವುದೇ ಆಬ್ಜೆಕ್ಟ್ ಫೈಲಿನ ಮೇಲೆ ಓಡಿಸಿದರೆ ಗುಮಾಸ್ತನ ಎರಡೂ ಪಟ್ಟಿ ಕೈಗೆ ಬರುತ್ತವೆ. ಹೆಸರಿನ ಮುಂದೆ ದೊಡ್ಡ 'ಯು' ಇದ್ದರೆ ಬೇಕು, ದೊಡ್ಡ 'ಟಿ' ಇದ್ದರೆ ಇದೆ. ಸಣ್ಣ 'ಟಿ' ಇದ್ದರೆ ಇದೆ, ಆದರೆ ಸ್ಟ್ಯಾಟಿಕ್ ಅಂತ ಬರೆದಿರುವುದರಿಂದ ಹೊರಗಿನವರಿಗೆ ಕೊಡುವುದಿಲ್ಲ.

ಹೆಸರು ಅಂದೆನಲ್ಲ, ಅಲ್ಲೂ ಒಂದು ತಮಾಷೆ ಇದೆ. ಆ್ಯಡ್ ಎಂಬ ಫಂಕ್ಷನ್ ಎರಡು ಇಂಟ್ ತೆಗೆದುಕೊಳ್ಳುತ್ತದೆ ಅನ್ನಿ. ಸಿ ಕಂಪೈಲರ್ ಅದನ್ನು ಆ್ಯಡ್ ಅಂತಲೇ ಬರೆದುಕೊಳ್ಳುತ್ತದೆ. ಸಿ++‌ನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರಬಹುದಾದ್ದರಿಂದ ಜಿಸಿಸಿ ಮತ್ತು ಕ್ಲ್ಯಾಂಗ್ ಅದಕ್ಕೆ '_ಝಡ್3ಆ್ಯಡ್‌ಐಐ' ಎಂದು ನಾಮಕರಣ ಮಾಡುತ್ತವೆ: ಶುರುವಿಗೆ ಒಂದು ಝಡ್, ಹೆಸರಿನಲ್ಲಿ 3 ಅಕ್ಷರ, ಆಮೇಲೆ ಹೆಸರು, ಆಮೇಲೆ ಪ್ರತಿ ಇಂಟ್‌ಗೆ ಒಂದು ಐ. ಈಗ ಸಿ ಭಾಷೆಯ ಲೈಬ್ರರಿಯನ್ನು ಸಿ++ ಇಂದ ಕರೆದರೆ ಒಬ್ಬರು ಕೂಗುವ ಹೆಸರಿಗೆ ಇನ್ನೊಬ್ಬರು ಓಗೊಡುವುದಿಲ್ಲ. ಗುರುತು ಹಿಡಿಯುವುದು ಸುಲಭ. ಲಿಂಕರ್ ಸಂದೇಶದಲ್ಲಿ ಹೆಸರಿನ ನಂತರ ಕಂಸದೊಳಗೆ 'ಇಂಟ್, ಇಂಟ್' ಅಂತ ಕಂಡರೆ ಅವನು ಸಿ++ ಹೆಸರನ್ನು ಹುಡುಕುತ್ತಿದ್ದಾನೆ. ಲೈಬ್ರರಿ ಸಿ ಭಾಷೆಯದಾಗಿದ್ದರೆ ಹೆಡರನ್ನು ಎಕ್ಸ್‌ಟರ್ನ್ "ಸಿ" ಬ್ಲಾಕಿನೊಳಗೆ ಸುತ್ತಿ, ಮುಗಿಯಿತು. ಹೆಡರ್‌ನಲ್ಲಿ ಇಂಟ್, ಸೋರ್ಸ್‌ನಲ್ಲಿ ಲಾಂಗ್ ಅಂತ ಬರೆದರೂ ಇದೇ ಗತಿ. ಹೆಸರಿನ ಬಾಲ ಬದಲಾಯಿತು, ಆಳೇ ಬೇರೆಯಾದ.

'ವಿಟೇಬಲ್ ಫಾರ್ ಶೇಪ್' ಸಿಗಲಿಲ್ಲ ಎಂಬ ದೂರು ಇದಕ್ಕಿಂತ ಕುಯುಕ್ತಿಯದು. ವಿಟೇಬಲ್ ಅಂತ ನೀವು ಎಲ್ಲೂ ಬರೆದೇ ಇಲ್ಲವಲ್ಲ! ಅದು ವರ್ಚುವಲ್ ಫಂಕ್ಷನ್‌ಗಳ ವಿಳಾಸಪಟ್ಟಿ, ಕಂಪೈಲರ್ ತಾನೇ ಬರೆಯುವುದು. ಕ್ಲಾಸಿನಲ್ಲಿರುವ ವರ್ಚುವಲ್ ಫಂಕ್ಷನ್‌ಗಳಲ್ಲಿ ಇನ್‌ಲೈನೂ ಅಲ್ಲದ, ಪ್ಯೂರ್ ವರ್ಚುವಲ್ಲೂ ಅಲ್ಲದ ಮೊದಲನೆಯದು ಯಾವ ಫೈಲಿನಲ್ಲಿ ಇರುತ್ತದೋ ಅಲ್ಲಿ ಜಿಸಿಸಿ ಆ ಟೇಬಲ್ಲನ್ನು ಇಡುತ್ತದೆ. ಆ ಒಂದಕ್ಕೆ ಒಡಲು ಬರೆಯದಿದ್ದರೆ ಟೇಬಲ್ಲೂ ಹುಟ್ಟುವುದಿಲ್ಲ. ಮೇಲಿನಿಂದ ಎಣಿಸಿಕೊಂಡು ಬನ್ನಿ, ಬಹಳ ಸಲ ಡಿಸ್ಟ್ರಕ್ಟರ್ ಸಿಕ್ಕಿಬೀಳುತ್ತದೆ.

ಇನ್ನು ಲೈಬ್ರರಿಗಳ ಸರದಿ. ಈ ಗುಮಾಸ್ತ ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತಾನೆ, ಹಿಂದೆ ತಿರುಗಿ ನೋಡುವ ಅಭ್ಯಾಸ ಇಲ್ಲ. ಸ್ಟ್ಯಾಟಿಕ್ ಲೈಬ್ರರಿ (ಪ್ರೋಗ್ರಾಂ ಒಳಗೇ ನಕಲಾಗುವಂಥದ್ದು) ಎದುರಾದಾಗ ಅಷ್ಟರವರೆಗೆ 'ಬೇಕು' ಪಟ್ಟಿಯಲ್ಲಿರುವುದನ್ನಷ್ಟೇ ಅದರಿಂದ ಎತ್ತಿಕೊಂಡು ಮುಂದೆ ಹೋಗುತ್ತಾನೆ. '-ಎಲ್‌ಎಂ' ಮೊದಲು ಬರೆದು ಆಮೇಲೆ ನಿಮ್ಮ ಫೈಲಿನ ಹೆಸರು ಬರೆದರೆ, ಗಣಿತದ ಲೈಬ್ರರಿ ಬಂದಾಗ ಯಾರಿಗೂ ಏನೂ ಬೇಕಿರಲಿಲ್ಲ. ಬೇಕಾದಾಗ ಲೈಬ್ರರಿ ಹೋಗಿಯಾಗಿತ್ತು. ಉಬುಂಟು ಲಿನಕ್ಸ್ 11.10ರಿಂದ '--ಆ್ಯಸ್-ನೀಡೆಡ್' (ಬೇಕಾದದ್ದನ್ನು ಮಾತ್ರ ಸೇರಿಸು) ಎಂಬ ಜಿಪುಣತನವನ್ನು ತಾನಾಗಿಯೇ ಸೇರಿಸುತ್ತಿರುವುದರಿಂದ ಓಡುವಾಗ ಬಂದು ಸೇರುವ ಶೇರ್ಡ್ ಲೈಬ್ರರಿಗೂ ಅಲ್ಲಿ ಇದೇ ಶಿಸ್ತು. ಕೇಳುವವರು ಎಡಕ್ಕೆ, ಕೊಡುವವರು ಬಲಕ್ಕೆ. ಎರಡು ಸ್ಟ್ಯಾಟಿಕ್ ಲೈಬ್ರರಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದರೆ '--ಸ್ಟಾರ್ಟ್-ಗ್ರೂಪ್', '--ಎಂಡ್-ಗ್ರೂಪ್' ನಡುವೆ ಕೂಡಿಹಾಕಿ. ಜಗಳ ಮುಗಿಯುವವರೆಗೆ ಗುಮಾಸ್ತ ಸುತ್ತು ಹೊಡೆಯುತ್ತಾನೆ.

ಈ '-ಎಲ್‌ಎಂ' ವಿಷಯದಲ್ಲಿ ಒಂದು ಮೋಸವಿದೆ. ಸಂಶಯ ಬಂದು ಎರಡು ಸಾಲಿನ ಪರೀಕ್ಷಾ ಪ್ರೋಗ್ರಾಂ ಬರೆದು 2.0 ಸಂಖ್ಯೆಯ ವರ್ಗಮೂಲ ಕೇಳಿದರೆ ಲೈಬ್ರರಿ ಕೊಡದೆಯೂ ಸಲೀಸಾಗಿ ಲಿಂಕ್ ಆಗುತ್ತದೆ. ಅಸಲಿ ಪ್ರೋಗ್ರಾಂನಲ್ಲಿ ಎಕ್ಸ್ ಎಂಬ ವೇರಿಯಬಲ್‌ನ ವರ್ಗಮೂಲ ಕೇಳಿದರೆ ಆಗುವುದಿಲ್ಲ. ಕಾರಣ, 2.0 ಕಣ್ಣ ಮುಂದೆಯೇ ಇದೆ. ಜಿಸಿಸಿ ತಾನೇ ಲೆಕ್ಕ ಹಾಕಿ ಉತ್ತರ ಬರೆದುಬಿಟ್ಟಿದೆ, ಫಂಕ್ಷನ್ ಕರೆದೇ ಇಲ್ಲ. ಹೀಗೆ ಪರೀಕ್ಷೆಯಲ್ಲಿ ಪಾಸು, ಕೆಲಸದಲ್ಲಿ ನಪಾಸು.

'-ಎಲ್‌ಝಡ್ ಸಿಗಲಿಲ್ಲ' ಎಂಬ ದೂರಿಗೆ ಜನ ಲೈಬ್ರರಿ ಫೋಲ್ಡರ್ ತೆರೆದು ನೋಡುತ್ತಾರೆ. ಲಿಬ್‌ಝಡ್.ಎಸ್ಒ.1 ಅಲ್ಲೇ ಕೂತಿರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ: ಲಿಂಕರ್‌ಗೆ ಬೇಕಿರುವುದು ಬಾಲದಲ್ಲಿ ನಂಬರ್ ಇಲ್ಲದ ಲಿಬ್‌ಝಡ್.ಎಸ್ಒ ಎಂಬ ಕೊಂಡಿ. ಅದು ಹೆಡರ್‌ಗಳ ಜೊತೆ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆ. ಡೆಬಿಯನ್ ಕಡೆ ಹೆಸರಿನ ಕೊನೆಗೆ '-ಡೆವ್', ಫೆಡೋರಾ ಕಡೆ '-ಡೆವೆಲ್'. ಪ್ಯಾಕೇಜ್ ಹಾಕುವ ಬದಲು ಕೈಯಾರೆ ಕೊಂಡಿ ಸೃಷ್ಟಿಸುವ ಬುದ್ಧಿವಂತರೂ ಇದ್ದಾರೆ. ಅವರಿಗೆ ಮುಂದಿನ ಸಾಲಿನಲ್ಲೇ 'ಹೆಡರ್ ಇಲ್ಲ' ಎಂಬ ಉಡುಗೊರೆ ಕಾದಿರುತ್ತದೆ. 'ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್' ಎಂದು ಬಂದರೆ ಫೈಲು ಇದೆ, ಜಾತಿ ಬೇರೆ: 64 ಬಿಟ್ ಮನೆಗೆ 32 ಬಿಟ್ ಅತಿಥಿ. 'ಫೈಲ್' ಎಂಬ ಕಮಾಂಡ್ ಕೊಟ್ಟರೆ ಕುಲಗೋತ್ರ ಹೇಳುತ್ತದೆ.

ಕೆಲವು ಸಲ ನಿಮ್ಮ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಬದಲಾಗಿರುವುದು ಕಂಪೈಲರ್. 2020ರಲ್ಲಿ ಬಂದ ಜಿಸಿಸಿ 10, '-ಎಫ್‌ನೋ-ಕಾಮನ್' ಎಂಬುದನ್ನು ರೂಢಿಯ ನಿಯಮ ಮಾಡಿತು. ಅದುವರೆಗೆ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಸುಮ್ಮನೆ 'ಇಂಟ್ ಕೌಂಟ್' ಅಂತ ಬರೆದು ಹತ್ತು ಸಿ ಫೈಲುಗಳಲ್ಲಿ ಸೇರಿಸಿದರೂ ಲಿಂಕರ್ ಹತ್ತನ್ನೂ ಒಂದೇ ಎಂದುಕೊಂಡು ಸಂಸಾರ ತೂಗಿಸುತ್ತಿದ್ದ. ಜಿಸಿಸಿ 10 ಬಂದದ್ದೇ 'ಮಲ್ಟಿಪಲ್ ಡೆಫಿನಿಷನ್' ಎಂದು ಬೀದಿಗೆ ಬಂದ. ಹೆಡರ್‌ನಲ್ಲಿ ಎಕ್ಸ್‌ಟರ್ನ್ ಸೇರಿಸಿ, ಯಾವುದಾದರೂ ಒಂದೇ ಸಿ ಫೈಲಿನಲ್ಲಿ ನಿಜವಾದದ್ದನ್ನು ಇಡುವುದು ಸರಿಯಾದ ದಾರಿ. ಕೋಡ್ ನಿಮ್ಮದಲ್ಲ, ಇವತ್ತೇ ಬಿಲ್ಡ್ ಆಗಬೇಕು ಎಂದರೆ '-ಎಫ್‌ಕಾಮನ್' ಕೊಟ್ಟು ದಾಟಿಕೊಳ್ಳಿ. 2015ರ ಜಿಸಿಸಿ 5 ಮಾಡಿದ್ದು ಇನ್ನೊಂದು ಬಗೆ. ಸ್ಟ್ರಿಂಗ್‌ನ ಒಳರಚನೆಯೇ ಬದಲಾಯಿತು. ಹಳೆಯ ರಚನೆಯಲ್ಲಿ ಕಟ್ಟಿದ ಲೈಬ್ರರಿ, ಹೊಸ ರಚನೆಯ ಪ್ರೋಗ್ರಾಂ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಸಂದೇಶದಲ್ಲಿ 'ಸಿಎಕ್ಸ್ಎಕ್ಸ್11' ಎಂಬ ಪದ ಕಂಡರೆ ಮೊದಲು ಈ ಜಗಳವನ್ನು ಸಂಶಯಿಸಿ. ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಮತ್ತೆ ಬಿಲ್ಡ್ ಮಾಡದೆ ರಾಜಿ ಇಲ್ಲ. ವಿಷುವಲ್ ಸ್ಟುಡಿಯೋದಲ್ಲಿ ಡೀಬಗ್ ಲೈಬ್ರರಿಯನ್ನು ರಿಲೀಸ್ ಪ್ರೋಗ್ರಾಂಗೆ ಗಂಟು ಹಾಕಿದರೆ ಎಲ್‌ಎನ್‌ಕೆ2038 ಎದ್ದು ನಿಲ್ಲುತ್ತದೆ, ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ.

ಮೇಕ್‌ಫೈಲಿನ 'ಮಿಸ್ಸಿಂಗ್ ಸೆಪರೇಟರ್' ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಿಲ್ಡ್ ನಡೆಸುವ ಮೇಕ್ ಎಂಬ ಸಾಧನ ಓದುವ ಫೈಲು ಅದು: ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಇದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ ಈ ಟ್ಯಾಬ್ ಕಿರಿಕಿರಿಯೆಂದು ಬೇಗನೇ ಅರಿವಾಗಿತ್ತು. ಆದರೆ ಅಷ್ಟರಲ್ಲಿ ಸುಮಾರು ಒಂದು ಡಜನ್ ಜನ ಅದನ್ನು ಬಳಸುತ್ತಿದ್ದರು, ಅವರಿಗೆ ತೊಂದರೆ ಆಗದಿರಲೆಂದು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿಯ ನೆಮ್ಮದಿಗೆ ಉಳಿದ ಲೋಕ ಇವತ್ತಿಗೂ ಕಂತು ಕಟ್ಟುತ್ತಿದೆ.

'ಸಿಸಿ1ಪ್ಲಸ್: ಕಿಲ್ಡ್' ಅಂತ ಬಂದರೆ ಕೋಡ್ ತಿದ್ದಬೇಡಿ, ಮೆಮೊರಿ ಸಾಲದೆ ಜಿಸಿಸಿಯ ಸಿ++ ಕಂಪೈಲರ್ ಸತ್ತಿರಬಹುದು. 'ಮೇಕ್ -ಜೆ' ಎಂದು ಬರೆದು ಮುಂದೆ ನಂಬರ್ ಹಾಕದಿದ್ದರೆ ಮಿತಿಯೇ ಇಲ್ಲ ಎಂದರ್ಥ. ಟೆಂಪ್ಲೇಟ್ ತುಂಬಿದ ಫೈಲು ಒಂದೊಂದೇ ಗಿಗಾಬೈಟ್ ದಾಟಿ ಮೆಮೊರಿ ಕೇಳಬಲ್ಲದು; 8 ಗಿಗಾಬೈಟ್ ಯಂತ್ರದಲ್ಲಿ ಇಪ್ಪತ್ತು ಜನ ಹಾಗೆ ಕೇಳಿದರೆ ಕರ್ನಲ್ ಯಾರದಾದರೂ ಕತ್ತು ಹಿಸುಕಲೇಬೇಕು. '-ಜೆ2' ಕೊಟ್ಟು ಎದ್ದು ಹೋಗಿ ಕೈಕಾಲು ಆಡಿಸಿ ಬನ್ನಿ. ಲೈಬ್ರರಿಯ ಹೊಸ ಆವೃತ್ತಿ ಹಾಕಿದರೂ, ಮೇಕ್‌ಫೈಲುಗಳನ್ನು ತಾನೇ ಬರೆದುಕೊಡುವ ಸಿಮೇಕ್ ಹಳೆಯದನ್ನೇ ಹಿಡಿದುಕೊಂಡು ಕೂತಿದ್ದರೆ ಅದರ ಕ್ಯಾಶ್ ಫೈಲು ಮೊದಲು ಕಂಡ ದಾರಿಯನ್ನು ಮರೆತಿಲ್ಲ ಎಂದು ತಿಳಿಯಿರಿ. ಸಿಮೇಕ್ 3.24ರಿಂದೀಚೆಗೆ '--ಫ್ರೆಶ್' ಇದೆ. ಹಳೆಯದಾದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ. ಅದಕ್ಕೂ ಮೊದಲು 'ವರ್ಬೋಸ್=1' ಕೊಟ್ಟು, ಮೇಕ್ ಬದಲು ನಿಂಜಾ ಆದರೆ '-ವಿ' ಕೊಟ್ಟು, ಲಿಂಕರ್‌ಗೆ ನಿಜವಾಗಿ ಹೋದ ಸಾಲನ್ನು ಒಮ್ಮೆ ಕಣ್ಣಾರೆ ಓದಿ. ನಾವು ಬರೆದಿದ್ದೇವೆ ಎಂದುಕೊಂಡದ್ದಕ್ಕೂ ಅಲ್ಲಿರುವುದಕ್ಕೂ ಬಹಳ ಸಲ ಸಂಬಂಧವಿರುವುದಿಲ್ಲ.

ಕೊನೆಗೂ ಲಿಂಕ್ ಆಯಿತು. ಓಡಿಸಿದರೆ, 'ಶೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲ.' ಈಗಷ್ಟೇ ಅದೇ ಲೈಬ್ರರಿ ಜೊತೆ ಲಿಂಕ್ ಆಯಿತಲ್ಲ! ಆದದ್ದು ಹೌದು, ಆದರೆ ಅದು ಲಿಂಕರ್ ಕಾರುಬಾರು. ಓಡಿಸುವಾಗ ಹುಡುಕುವವನು ಲೋಡರ್, ಅವನ ವಿಳಾಸಪುಸ್ತಕ ಬೇರೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಎಲ್‌ಡಿಡಿ ಎಂಬ ಕಮಾಂಡ್ ಕೊಟ್ಟರೆ 'ನಾಟ್ ಫೌಂಡ್' ಎಂಬ ಸಾಲು ಕಾಣುತ್ತದೆ. ಲೈಬ್ರರಿಯನ್ನು ಯುಎಸ್ಆರ್ ಲೋಕಲ್‌ನಲ್ಲಿ ಆಗಷ್ಟೇ ಹಾಕಿದ್ದರೆ ರೂಟ್ ಆಗಿ 'ಎಲ್‌ಡಿಕಾನ್ಫಿಗ್' ಒಮ್ಮೆ ಓಡಿಸಿ, ಪುಸ್ತಕ ನವೀಕರಣವಾಗುತ್ತದೆ.

ನಿಮ್ಮ ಯಂತ್ರದಲ್ಲಿ ಓಡಿತು. ಅದನ್ನು ಉಬುಂಟು 20.04 ಇರುವ ಇನ್ನೊಂದು ಯಂತ್ರಕ್ಕೆ ಕಳಿಸಿದರೆ 'ಜಿಲಿಬ್‌ಸಿ 2.34 ಸಿಗಲಿಲ್ಲ' ಎಂದು ವಾಪಸ್ ಬರುತ್ತದೆ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ, ಅಲ್ಲಿರುವುದು 2.31. ನಿಮ್ಮ 22.04ರಲ್ಲಿರುವುದು 2.35. 2021ರ ಜಿಲಿಬ್‌ಸಿ 2.34ರಲ್ಲಿ ಮೇನ್ ಫಂಕ್ಷನ್ನನ್ನು ಕರೆಯುವ ಆರಂಭದ ಸಿಂಬಲ್‌ಗೇ ಹೊಸ ಆವೃತ್ತಿಯ ಮೊಹರು ಬಿತ್ತು, ಹಾಗಾಗಿ ಬರೀ 'ಹಲೋ' ಎನ್ನುವ ಪ್ರೋಗ್ರಾಂ ಕೂಡ ಹಳೆಯ ಯಂತ್ರಕ್ಕೆ ಪರಕೀಯ. ಹಳೆಯದರಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಉಲ್ಟಾ ನಡೆಯುವುದಿಲ್ಲ. ಆದ್ದರಿಂದ ಹೊಸ ಸರ್ವರ್ ಬಂದ ಖುಷಿಯಲ್ಲಿ ಮೂಲೆಯ ಹಳೇ ಪೆಟ್ಟಿಗೆಯನ್ನು ಒರೆಸಿಹಾಕುವ ಮುನ್ನ ಅದೇ ಆವೃತ್ತಿಯ ಒಂದು ಕಂಟೇನರ್ ಆದರೂ ಎತ್ತಿಟ್ಟುಕೊಳ್ಳಿ. ಬಿಲ್ಡ್ ಆಗಬೇಕಿರುವುದು ಅದರೊಳಗೆ.