ತಾತ್ಕಾಲಿಕ ಬ್ಲಾಕ್ ಅಂತೆ, ಎಷ್ಟು ದಿನ ಅಂತ ಹೇಳುವವರೇ ಇಲ್ಲ

ರಾತ್ರಿ ಊಟದ ಹೊತ್ತು, ಆರ್ಡರ್ ಜಾಸ್ತಿ ಬರುವ ಟೈಮಿನಲ್ಲೇ, ನಾನು ಊಟ ಡೆಲಿವರಿ ಮಾಡುವ ಆ್ಯಪಿನವರು ನನ್ನ ಐಡಿ ಬ್ಲಾಕ್ ಮಾಡಿದ್ದಾರೆ. ಫೋನ್ ಇಲ್ಲ, ಮೊದಲೇ ಒಂದು ಮೆಸೇಜ್ ಇಲ್ಲ. ನಿಯಮ ಮೀರಿದ್ದೀರಿ, ಖಾತೆ ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಅಂತ ಆ್ಯಪಿನಲ್ಲಿ ಎರಡು ಸಾಲು, ಅಷ್ಟೇ. ಯಾವ ನಿಯಮ? ಯಾವ ಆರ್ಡರ್?

ನನಗೆ ಅನುಮಾನ ಇರುವುದು ಒಂದೇ ಆರ್ಡರ್ ಮೇಲೆ. ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟ್. ಸೆಕ್ಯೂರಿಟಿ ಒಳಗೆ ಬಿಡಲಿಲ್ಲ. ಫೋನ್ ಮಾಡಿದರೆ ಕಸ್ಟಮರ್ರೇ "ಗೇಟಲ್ಲಿ ಇಟ್ಟು ಹೋಗಿ" ಅಂದರು. ಸೆಕ್ಯೂರಿಟಿ ಟೇಬಲ್ ಮೇಲೆ, ಅವರ ರಿಜಿಸ್ಟರ್ ಪಕ್ಕದಲ್ಲೇ ಪಾರ್ಸೆಲ್ ಇಟ್ಟು ಫೋಟೋ ಅಪ್‌ಲೋಡ್ ಮಾಡಿದೆ. ಊಟ ತಲುಪಿಲ್ಲ ಅಂತ ಆಮೇಲೆ ದೂರು ಹೋಗಿರಬೇಕು. ಫೋಟೋ ಕಂಪನಿ ಹತ್ತಿರವೇ ಇದೆ, ಕಾಲ್ ಮಾಡಿದ್ದೂ ಅವರ ಆ್ಯಪಿನಿಂದಲೇ. ತೆರೆದು ನೋಡಿದರೆ ಮುಗೀತಲ್ವಾ?

ಯಾರೂ ನೋಡಲ್ಲ. ಚಾಟ್‌ನಲ್ಲಿ ಕನ್ನಡದಲ್ಲಿ ಬರೆದರೆ ಇಂಗ್ಲಿಷಿನಲ್ಲಿ ಅದೇ ರೆಡಿ ಉತ್ತರ. ಟಿಕೆಟ್ ರೈಸ್ ಮಾಡಿದರೆ ಸುಮ್ನೆ ಕ್ಲೋಸ್ ಮಾಡ್ತಾರೆ. ಟೀಮ್ ಲೀಡರ್‌ನ ಕೇಳಿದರೆ "ನನ್ನ ಕೈಲೇನಿಲ್ಲ ಬ್ರೋ, ಮೇಲಿಂದ ಆಗಿರೋದು" ಅಂತಾರೆ. ಮೇಲೆ ಇರೋದು ಯಾರು ಅಂತ ಪಾಪ ಅವರಿಗೂ ಗೊತ್ತಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೇ ಅಂತ ಕಾನೂನು ಇದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದರು, ಆಮೇಲೆ ಅದು ಕಾಯ್ದೆಯೇ ಆಯ್ತು. ಗಿಗ್ ಕೆಲಸಗಾರನನ್ನು, ಅಂದರೆ ನಮ್ಮ ಥರ ಆ್ಯಪ್ ನಂಬಿ ದುಡಿಯುವವನನ್ನು, ತೆಗೆಯಬೇಕಾದರೆ 14 ದಿನ ಮೊದಲೇ ನೋಟಿಸ್ ಕೊಡಬೇಕು, ಕಾರಣ ಬರವಣಿಗೆಯಲ್ಲಿ ಹೇಳಬೇಕು ಅಂತ ಅದರಲ್ಲಿದೆ. ಅದನ್ನು ಓದಿದಾಗ ನಿಜವಾಗಲೂ ಖುಷಿಪಟ್ಟಿದ್ದೆ. ಈಗ ಕಂಪನಿ ಏನು ಹೇಳುತ್ತೆ ಗೊತ್ತಾ? ನಿಮ್ಮನ್ನು ತೆಗೆದಿಲ್ಲ, ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ. ಎಷ್ಟು ದಿನ? ಅದಕ್ಕೆ ಮಾತ್ರ ಉತ್ತರವಿಲ್ಲ. ಕೊನೆಯ ದಿನಾಂಕವೇ ಇಲ್ಲದ ತಾತ್ಕಾಲಿಕ ಅಂದರೆ ಏನ್ರೀ ಅದು? ನನ್ನ ಮನೆಗೆ ದುಡ್ಡು ಬರೋದು ನಿಂತಿದೆ. ಬೈಕಿನ ಇಎಂಐ ತಾತ್ಕಾಲಿಕವಾಗಿ ನಿಲ್ಲುತ್ತಾ? ಓನರ್ ಬಾಡಿಗೆ ಕೇಳೋದು ಬಿಡ್ತಾರಾ?

ಈ ಸಂದಿಯನ್ನು ಸರ್ಕಾರ ಮುಚ್ಚಲೇಬೇಕು. ಇದೇ ಕಾಯ್ದೆ ಪ್ರಕಾರ ಪ್ರತಿ ವಹಿವಾಟಿನಲ್ಲಿ ನಮಗೆ ಕೊಡುವ ಹಣದ ಲೆಕ್ಕದ ಮೇಲೆ ಕಂಪನಿಯಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿ ಮಾಡುತ್ತಾರಂತೆ, ಒಳ್ಳೆಯದೇ. ಅದಕ್ಕೂ ಮೊದಲು, 2023ರಲ್ಲೇ ಅಪಘಾತ ಮತ್ತು ಜೀವ ವಿಮೆ ಸೇರಿ 4 ಲಕ್ಷದ ಯೋಜನೆ ತಂದರು, ಅದೂ ಒಳ್ಳೆಯದೇ. ಆದರೆ ಐಡಿಯೇ ಬ್ಲಾಕ್ ಆದವನಿಗೆ ಆರ್ಡರ್ ಎಲ್ಲಿಂದ ಬರಬೇಕು, ಅವನ ಹೆಸರಲ್ಲಿ ಶುಲ್ಕ ಎಲ್ಲಿಂದ ಬೀಳಬೇಕು? ಬೈಕಿನಿಂದ ಬಿದ್ದರೆ ಆಸ್ಪತ್ರೆಗೆ ದುಡ್ಡು ಬೇಕು ನಿಜ, ಬೀಳದೇ ಇರುವ ದಿನ ಅನ್ನಕ್ಕೂ ಬೇಕಲ್ವಾ?

"ಬೇರೆ ಆ್ಯಪ್ ಸೇರ್ಕೋ" ಅಂತ ಹೇಳುವವರಿಗೆ ಒಂದು ಮಾತು. ಸೇರಬಹುದು. ಹೊಸ ಬ್ಯಾಗು, ಟೀ ಶರ್ಟಿಗೆ ಮತ್ತೆ ದುಡ್ಡು ಕೊಡಬೇಕು, ರೇಟಿಂಗ್ ಮೊದಲಿಂದ ಶುರು. ಅಲ್ಲೂ ಯಾರೋ ಒಬ್ಬರು ತಲುಪಿಲ್ಲ ಅಂದರೆ ಇದೇ ಗತಿ. 2020-21ರಲ್ಲೇ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30ಕ್ಕೆ 2.35 ಕೋಟಿ ಆಗ್ತಾರೆ ಅಂತ ನೀತಿ ಆಯೋಗದ ಅಂದಾಜು. ಇಷ್ಟು ಜನ ಎಷ್ಟು ಆ್ಯಪ್ ಬದಲಾಯಿಸಬೇಕು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಬ್ಲಾಕ್ ಮಾಡುವ ಮೊದಲು ಒಬ್ಬ ಮನುಷ್ಯ ಫೋನ್ ಮಾಡಿ ಏನಾಯ್ತು ಅಂತ ಕೇಳಲಿ. ನನ್ನ ಫೋಟೋ ನೋಡಲಿ. ತಪ್ಪು ನನ್ನದಾದರೆ ಅದನ್ನೇ ಬರೆದು ಕೊಡಲಿ.

ಈ ವಾರ ಕಾರ್ಮಿಕ ಇಲಾಖೆಗೆ ದೂರು ಕೊಡುತ್ತಿದ್ದೇನೆ. ನಿಮಗೂ ಹೀಗೇ ಆಗಿದ್ದರೆ ಬ್ಲಾಕ್ ಮೆಸೇಜು, ಆರ್ಡರ್ ಹಿಸ್ಟರಿ, ಬಾಕಿ ದುಡ್ಡಿನ ಪೇಜು, ಎಲ್ಲದರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ. ಆ್ಯಪ್ ಲಾಗೌಟ್ ಆಯ್ತು ಅಂದರೆ ಅದ್ಯಾವುದೂ ಮತ್ತೆ ನಿಮ್ಮ ಕೈಗೆ ಸಿಗಲ್ಲ.