ಶ್ರೀಕಾರದ ಕೆಳಗೆ

ಮೊನ್ನೆ ಬೆಳಿಗ್ಗೆ ನನ್ನ ಚೊಚ್ಚಲ ಕೃತಿಯ ಮೂರನೆಯ ಪುಟದಲ್ಲಿ ಹಾಲಿನ ಲೆಕ್ಕ ಕಾಣಿಸಿಕೊಂಡಿತು. 200 ಪುಟಗಳ ಆ ಗೆರೆ ನೋಟ್‌ಬುಕ್ಕನ್ನು ಎರಡು ವರ್ಷಗಳ ಹಿಂದಿನ ವಿಜಯದಶಮಿಯಂದು, ಪುಸ್ತಕ ಬರೆಯುವುದಕ್ಕೆಂದೇ ಸಾಗರದ ಪೇಟೆಯಿಂದ ಕೊಂಡುತಂದು, ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು, ಮೂಲೆಗಳಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟು ತೆಗೆದಿದ್ದೆ. ಈಗ ಅದರಲ್ಲಿ ‘4ಕ್ಕೆ ಅರ್ಧ ಲೀಟರ್ ಜಾಸ್ತಿ, 7 ಮತ್ತು 8 ಇಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಇದೇನೆಂದು ದನಿಯೇರಿಸಿ ಕೇಳಿದಾಗ ನನ್ನ ಹೆಂಡತಿ, ‘ಖಾಲಿ ಇತ್ತಲ್ಲ, ಅದಕ್ಕೇ ಬರೆದೆ’ ಎಂದಳು. ಆ ಮಾತಿನಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲವೆಂಬುದೇ ನನ್ನನ್ನು ಹೆಚ್ಚು ಚುಚ್ಚಿತು.

ಖಾಲಿ ಎಂಬುದು ಪೂರ್ತಿ ನಿಜವೂ ಅಲ್ಲ. ಎರಡನೆಯ ಪುಟದಲ್ಲಿ ಅರ್ಪಣೆಯಿದೆ. ಮೊದಲು ಅಣ್ಣನಿಗೆ ಅರ್ಪಿಸಿದ್ದನ್ನು, ತೋಟದ ಪಾಲಿನ ಮಾತು ಬಂದ ಮೇಲೆ ಹೊಡೆದುಹಾಕಿ ಅಮ್ಮನಿಗೆ ಅರ್ಪಿಸಿದ್ದೇನೆ. ಕೊನೆಯ ಪುಟದಲ್ಲಿ ಕೃತಜ್ಞತೆಗಳಿವೆ. ಬೆನ್ನುಡಿಯ ಪಕ್ಕಕ್ಕೆಂದು ಗಲ್ಲಕ್ಕೆ ಕೈಯಾನಿಸಿಕೊಂಡು ದೂರ ನೋಡುವ ಭಾವಚಿತ್ರವನ್ನೂ ತೆಗೆಸಿಟ್ಟಿದ್ದೇನೆ. ಪರಿಚಯದ ಮುದ್ರಕರೊಬ್ಬರನ್ನು ವಿಚಾರಿಸಿ, 16 ಪುಟಕ್ಕೆ ಒಂದು ಫಾರಂ ಎಂಬುದನ್ನೂ, 10 ಫಾರಂ ಆದರೂ ಇರದಿದ್ದರೆ ಪುಸ್ತಕದ ಬೆನ್ನಿನ ಮೇಲೆ ಹೆಸರು ಹಿಡಿಯುವುದಿಲ್ಲವೆಂಬುದನ್ನೂ ತಿಳಿದುಕೊಂಡು ಬಂದಿದ್ದೇನೆ. ಬೆನ್ನಿನ ಮೇಲೆ ಹೆಸರಿಲ್ಲದ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಆದುದರಿಂದ ಬರೆಯಬೇಕಾದುದು 160 ಪುಟವೆಂದು ಖಚಿತವಾಗಿದೆ. ಉಳಿದಿರುವುದು ಮೊದಲನೆಯ ವಾಕ್ಯ ಮಾತ್ರ. ಅದನ್ನು ಹೇಗೆ ಹಿಡಿಯಬೇಕೆಂಬ ವಿಷಯದಲ್ಲಿ ನಾನು ಸಾಕಷ್ಟು ಯೋಚಿಸಿದ್ದೇನೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಹಳೆಯ ಕವಿಗಳಿಗೆ ಈ ಕಷ್ಟವಿರಲಿಲ್ಲ. ದೇವತಾಸ್ತುತಿ, ಪೂರ್ವಕವಿಗಳ ಸ್ಮರಣೆ, ಆಮೇಲೆ ಕುಕವಿನಿಂದೆ ಎಂದು ದಾರಿ ಮೊದಲೇ ಹಾಕಿಟ್ಟಿತ್ತು; ಇಷ್ಟು ದೂರ ನಡೆಯುವಷ್ಟರಲ್ಲಿ ಕೈಗೆ ಹದ ಬಂದು ಕಥೆ ತಾನಾಗಿ ಶುರುವಾಗುತ್ತಿದ್ದಿರಬೇಕು. ನನಗೆ ಇವುಗಳಲ್ಲಿ ಕುಕವಿನಿಂದೆ ಬಹಳ ಹಿಡಿಸುತ್ತದೆ. ವರ್ಷಕ್ಕೊಂದು ಪುಸ್ತಕ ಹೊರತಂದು, ಪ್ರತಿ ಬಿಡುಗಡೆಗೂ ನನ್ನನ್ನು ಕರೆದು, ಪುಸ್ತಕವನ್ನು ಬಿಚ್ಚಿಯೂ ನೋಡದ ನಾಲ್ವರು ಅತಿಥಿಗಳ ಭಾಷಣವನ್ನು ಎರಡು ಗಂಟೆ ಕೇಳಿಸಿ, ಒಂದು ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು ಕಳುಹಿಸುವ ಗೆಳೆಯರನ್ನು ನೆನೆದರೆ, ಆ ಒಂದು ಅಧ್ಯಾಯವನ್ನು ನಾನು ಈ ರಾತ್ರಿಯೇ, ಎರಡು ಫಾರಂ ತುಂಬುವಂತೆ ಬರೆದುಕೊಡಬಲ್ಲೆ. ಆದರೆ ಕಾಲ ಕೆಟ್ಟಿದೆ. ಈಗ ಕುಕವಿಗಳೆಲ್ಲ ನಮ್ಮ ನೆಂಟರೇ ಆಗಿರುತ್ತಾರೆ.

ಚೊಚ್ಚಲ ಕೃತಿಗೆ ಸರ್ಕಾರದ ಪ್ರೋತ್ಸಾಹಧನವಿದೆಯೆಂದು ಹೇಳಿದವನು ನನ್ನ ಭಾವಮೈದುನ. ಅದು 35 ವರ್ಷ ದಾಟದ ಯುವಬರಹಗಾರರಿಗೆ ಮಾತ್ರವೆಂಬುದನ್ನು ಅವನು ಮದುವೆಯ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ, ನಾಲ್ಕು ಎಲೆಗಳಾಚೆಗೂ ಕೇಳುವಂತೆ ಹೇಳಿದ. ನಾನು ಆ ಗಡಿ ದಾಟಿ 17 ವರ್ಷಗಳಾದವು. ಪಂಪ 902ರಲ್ಲಿ ಹುಟ್ಟಿ 941ರಲ್ಲಿ ಆದಿಪುರಾಣ ಮುಗಿಸಿದವನು, ಅವನಿಗೂ ಆ ಹಣ ಸಿಗುತ್ತಿರಲಿಲ್ಲ ಎಂದು ನಾನು ಹೇಳಿದೆ. ‘ಪಂಪ ಬರೆದು ಮುಗಿಸಿದ್ದನಲ್ಲ ಭಾವ’ ಎಂದು ಅವನು ಎಲೆ ಮಡಚಿ ಎದ್ದುಹೋದ. ಆದಿಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಹಿಡಿಯಿತೆಂದು ಪಂಪನೇ ಹೇಳಿಕೊಂಡಿರುವುದು ಪುಣ್ಯಕ್ಕೆ ಅವನಿಗೆ ಗೊತ್ತಿರಲಿಲ್ಲ.

ನನ್ನ ನಿಜವಾದ ಆಸೆಯಿದ್ದುದು ಕುಮಾರವ್ಯಾಸನ ಮೇಲೆ. ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದವನು ತಾನೆಂದು ಕಾವ್ಯದ ಮೊದಲಿಗೇ ಹೇಳಿಕೊಂಡವನು ಅವನು. ಹೋದ ವರ್ಷ ಗದುಗಿಗೆ ಹೋದಾಗ ವೀರನಾರಾಯಣನ ಗುಡಿಯಲ್ಲಿ ಅವನು ಒರಗಿ ಕೂತು ಬರೆದನೆಂಬ ಕಂಬವನ್ನು ಕಂಡೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು ನಾನೂ ಒಂದು ಗಳಿಗೆ ಬೆನ್ನಾನಿಸಿ ಕುಳಿತೆ. ಕಲ್ಲು ತಣ್ಣಗಿತ್ತು, ಅಷ್ಟೆ. ಕವಿಯು ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದನಂತೆ, ಮೈಮೇಲಿನ ಬಟ್ಟೆ ಆರುವವರೆಗೆ ಪದ್ಯಗಳು ಹರಿದು ಬರುತ್ತಿದ್ದುವಂತೆ, ಆರಿದೊಡನೆ ನಿಲ್ಲುತ್ತಿದ್ದುವಂತೆ ಎಂಬ ಐತಿಹ್ಯವನ್ನು ಬಾಲ್ಯದಿಂದ ಕೇಳಿದ್ದೆ. ಅಂದು ಆ ಅಂಗಳದ ಬಿಸಿಲಿನಲ್ಲಿ, ಕರವಸ್ತ್ರವನ್ನು ತೊಳೆದು ಹಿಂಡಿ ಮೆಟ್ಟಿಲ ಮೇಲೆ ಹರವಿದರೆ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಒಣಗಿಹೋಯಿತು. ಆಗಲೇ ನನಗೆ ಒಂದು ಸಾಹಿತ್ಯಕ ಸತ್ಯ ಹೊಳೆದದ್ದು. ಕುಮಾರವ್ಯಾಸ 18 ಪರ್ವಗಳಲ್ಲಿ 10ನ್ನು ಮಾತ್ರ ಬರೆದು ನಿಲ್ಲಿಸಿದ್ದಕ್ಕೆ ವಿದ್ವಾಂಸರು ಏನೇನೋ ಕಾರಣ ಹೇಳುತ್ತಾರೆ. ಕಾರಣ ಗದುಗಿನ ಬಿಸಿಲು. ಅವನೇನಾದರೂ ನಮ್ಮ ಮಲೆನಾಡಿನಲ್ಲಿ ಹುಟ್ಟಿದ್ದರೆ, ಆಷಾಢದಲ್ಲಿ ಉಟ್ಟ ಒಂದು ಪಂಚೆಯಲ್ಲೇ ಸ್ವರ್ಗಾರೋಹಣದವರೆಗೆ ಬರೆದು, ಉಳಿದ ಎಂಟು ಪರ್ವಗಳನ್ನು ಪೂರೈಸುವ ಕೆಲಸವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಗೆ ತಪ್ಪಿಸುತ್ತಿದ್ದ.

ಇಂಥ ಹವೆಯಲ್ಲಿ ಹುಟ್ಟಿಯೂ ಅದನ್ನು ಬಳಸಿಕೊಳ್ಳದಿರುವುದು ಅಪರಾಧವೆನಿಸಿತು. ಜುಲೈ ತಿಂಗಳ ಒಂದು ಬೆಳಿಗ್ಗೆ ಬಚ್ಚಲಿನಿಂದ ನೇರವಾಗಿ ಒದ್ದೆ ಪಂಚೆಯಲ್ಲಿ ಬಂದು, ಜಗಲಿಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಕುಳಿತೆ. ಹೊರಗೆ ಅಡಿಕೆಮರಗಳ ತಲೆಯ ಮೇಲೆ ಮಳೆ ಹುಯ್ಯುತ್ತಿತ್ತು. ಪಂಚೆಯ ಅಂಚಿನಿಂದ ನೀರು ಇಳಿದು ಗಾರೆಯ ಮೇಲೆ ಸಣ್ಣ ಹಳ್ಳವಾಗಿ, ಜಗಲಿಯ ಇಳಿಜಾರು ಎಲ್ಲಿದೆಯೆಂದು ಹುಡುಕುತ್ತ ನನ್ನ ಚಪ್ಪಲಿಯವರೆಗೂ ಹೋಯಿತು. ಒಂದು ಗಂಟೆಯಾಯಿತು, ಪಂಚೆ ಆರಲಿಲ್ಲ. ಎರಡು ಗಂಟೆಯಾಯಿತು, ಆರಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಲೆಕ್ಕ ತಪ್ಪಿರಲಿಲ್ಲ. ಕೊನೆಗೆ ಶ್ರೀಕಾರದ ಕೆಳಗೆ ‘ಮಳೆ ಸುರಿಯುತ್ತಿತ್ತು’ ಎಂದು ಬರೆದೆ. ಅದು ನಿಜವೇ ಆಗಿದ್ದರೂ, ಮಲೆನಾಡಿನವರು ಬರೆದುದರಲ್ಲಿ ಅರ್ಧ ಆರಂಭವಾಗುವುದೇ ಹಾಗೆಂಬುದು ನೆನಪಾಗಿ ನಾಚಿಕೆಯೆನಿಸಿತು. ಮುಂದಿನ ವಾಕ್ಯಕ್ಕೆ ಕಾದು ಕುಳಿತಿರುವಾಗ, ಹಾಲು ಹಾಕುವ ಹುಡುಗ ಕೊಡೆ ಮಡಚುತ್ತ ಜಗಲಿ ಹತ್ತಿ, ನನ್ನನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ ‘ಅಯ್ಯೋರಿಗೆ ಹುಷಾರಿಲ್ವಾ ಅಮ್ಮ?’ ಎಂದು ಮೆತ್ತಗೆ ಕೇಳಿದ್ದು ನನಗೂ ಕೇಳಿಸಿತು. ಆಗ ಹುಷಾರಾಗಿಯೇ ಇದ್ದೆ. ಸಂಜೆಯಿಂದ ಮಾತ್ರ ಸೀನು ಹಿಡಿದು ನಾಲ್ಕು ದಿನ ಕಷಾಯ ಕುಡಿದೆ. ಕುಮಾರವ್ಯಾಸನಂತೆ ಪದವಿಟ್ಟು ಅಳಿಸದಿರುವ ಅಗ್ಗಳಿಕೆ ನನಗೆ ಬೇಡವೆಂದುಕೊಂಡು, ಐದನೆಯ ದಿನ ಆ ಎರಡು ಪದಗಳನ್ನೂ ಹೊಡೆದುಹಾಕಿದೆ.

ಆಮೇಲೆ ಆ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡದ್ದು ಮೊನ್ನೆಯೇ. ನೋಡಿದರೆ ಅದು ಚೆನ್ನಾಗಿಯೇ ಸಾಗಿದೆ. ತಾರೀಕು ಬಿಟ್ಟಿಲ್ಲ, ಒಂದು ಪದವೂ ಹೊಡೆದಿಲ್ಲ, ನಡುವೆ ಕೆಲಸದವಳಿಗೆ ಕೊಟ್ಟ ಮುಂಗಡ, ಗ್ಯಾಸ್ ಬಂದ ದಿನ, ಅಡಿಕೆ ಸುಲಿದವರ ಕೂಲಿ, ಎಲ್ಲವೂ ಬಂದಿವೆ. ಈ ವೇಗದಲ್ಲಿ ಹೋದರೆ ಬರುವ ದಸರೆಗೆ ಹತ್ತು ಫಾರಂ ತುಂಬುವುದರಲ್ಲಿ ಸಂದೇಹವಿಲ್ಲ. ಜಗಳವಾಡಿ ಅವಳಿಂದ ನೋಟ್‌ಬುಕ್ಕನ್ನು ಹಿಂದಕ್ಕೆ ಪಡೆದು, ಹಿಂಭಾಗದಿಂದ ತಿರುಗಿಸಿಕೊಂಡು, ಮೊದಲ ವಾಕ್ಯದ ಬಗ್ಗೆ ಹೇಳಬೇಕೆಂದಿದ್ದುದನ್ನು ಇನ್ನೇನು ಬರೆಯಬೇಕೆನ್ನುವಾಗ ಹಾಲಿನ ಹುಡುಗ ತಿಂಗಳ ಲೆಕ್ಕಕ್ಕೆ ಬಂದು ಜಗಲಿಯಲ್ಲಿ ನಿಂತಿದ್ದಾನೆ; 7 ಮತ್ತು 8ರಂದು ಹಾಲು ಹಾಕಿದ್ದೇನೆಂದು ಅವನು ವಾದಿಸುತ್ತಿದ್ದಾನೆ, ಪುಸ್ತಕ ತನ್ನಿ ಎಂದು ಒಳಗಿನಿಂದ ಕೂಗು ಬರುತ್ತಿದೆ.