ಪಾಸ್ತಾ ಕುಡಿದ ಸಾರು

ನಮ್ಮ ಚರ್ಚಿನಲ್ಲಿ ಶುಕ್ರವಾರದ ಸಂಜೆ ನಾಲ್ಕಾರು ಮನೆಯವರು ಒಂದೊಂದು ಪಾತ್ರೆ ಸೂಪ್ ಮಾಡಿ ತರುವುದು, ಬಂದವರೆಲ್ಲ ಅದನ್ನು ಬ್ರೆಡ್ಡಿನೊಡನೆ ಹಂಚಿಕೊಂಡು ಉಣ್ಣುವುದು ಒಂದು ವಾಡಿಕೆ. ಕಳೆದ ವರ್ಷ ಫೆಬ್ರವರಿಯ ಕೊನೆಯಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ, ಹೆಸರು ಬರೆಯುವ ಹಾಳೆ ಬೆಂಚಿನಿಂದ ಬೆಂಚಿಗೆ ದಾಟುತ್ತ ನನ್ನ ಕೈಗೆ ಬಂತು. ನರ್ಸ್ ಆಗಿರುವ ನನ್ನ ಹೆಂಡತಿ ಅಂದು ಕೆಲಸಕ್ಕೆ ಹೋಗಿದ್ದರಿಂದ ನನ್ನನ್ನು ತಡೆಯುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಳೆಯಲ್ಲಿ ಹೆಸರಿಗೊಂದು, ಫೋನ್ ನಂಬರಿಗೊಂದು ಖಾನೆ ಇದ್ದವೇ ಹೊರತು ಯಾವ ಸೂಪ್ ಎಂದು ಕೇಳುವ ಖಾನೆ ಇರಲಿಲ್ಲ. ಆ ಒಂದು ಖಾನೆ ಇದ್ದಿದ್ದರೆ ಮುಂದಿನದ್ದೇನೂ ನಡೆಯುತ್ತಿರಲಿಲ್ಲ ಎಂದು ನಾನು ಇಂದಿಗೂ ವಾದಿಸುತ್ತೇನೆ. ಹೆಂಡತಿ ಇಂದಿಗೂ ಒಪ್ಪಿಲ್ಲ.

ನಾವಿರುವುದು ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ. ಇಲ್ಲಿಯ ಚಳಿಗಾಲದಲ್ಲಿ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಎಂಬುದನ್ನು ಜನರು ‘ಇವತ್ತು ಪರವಾಗಿಲ್ಲ’ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಅಂಥ ಚಳಿಯಲ್ಲಿ ಹಾಸನದ ನನ್ನ ನಾಲಿಗೆ ಬಯಸುವುದು ಅಮ್ಮ ಮಾಡುವ ದನದ ಬಾಡಿನ ಸಾರನ್ನು. ಆದರೆ ಹಸಿರು ಮಸಾಲೆಯ ಆ ಸಾರನ್ನು ಇಲ್ಲಿಯ ಮುದುಕರಿಗೆ ಬಡಿಸಿ ಅವರ ಕಣ್ಣಲ್ಲಿ ನೀರು ಬರಿಸುವ ಬದಲು, ಅವರಿಗೆ ಪರಿಚಯವಿರುವುದನ್ನೇ ಮಾಡೋಣ ಎಂದುಕೊಂಡು ಪಾಸ್ತಾ ಎ ಫಜೋಲಿಯನ್ನು ಆರಿಸಿಕೊಂಡೆ. ಹೆಸರಿನ ಅರ್ಥ ಪಾಸ್ತಾ ಮತ್ತು ಹುರುಳಿಕಾಯಿ ಜಾತಿಯ ಕಾಳು, ಅಷ್ಟೇ. ಇಟಲಿಯಲ್ಲಿ ಅದು ಬಡವರ ಊಟ. ಅಮೆರಿಕದ ಹೋಟೆಲುಗಳಲ್ಲಿ ಅದಕ್ಕೆ ದನದ ಖೀಮಾ ಸೇರಿಕೊಂಡು ಹೊಟ್ಟೆ ತುಂಬಿಸುವ ಸೂಪ್ ಆಗಿದೆ. ನಾನು ಮಾಡಹೊರಟದ್ದು ಈ ಖೀಮಾ ಸೇರಿದ್ದನ್ನು.

ಆರು ಜನಕ್ಕೆ ಎಂದು ಬರೆದಿದ್ದ ಪಾಕವಿಧಾನವನ್ನು ಹನ್ನೆರಡು ಜನಕ್ಕೆಂದು ಹಿಗ್ಗಿಸಿ, ಗುರುವಾರ ಸಂಜೆ ಹೆಂಡತಿ ರಾತ್ರಿ ಪಾಳಿಗೆ ಹೊರಟ ಕೂಡಲೇ ಕೆಲಸಕ್ಕೆ ಇಳಿದೆ. ಎರಡು ಪೌಂಡು, ಅಂದರೆ ಸುಮಾರು 900 ಗ್ರಾಂ ಖೀಮಾ, ಈರುಳ್ಳಿ, ಸೆಲರಿ, ಗಜ್ಜರಿ, ಡಬ್ಬಿಯ ಟೊಮೆಟೊ, ಡಬ್ಬಿಯ ರಾಜ್ಮಾ, ಮೂರು ಲೀಟರ್ ಬಾಡಿನ ಕಟ್ಟು, ಮತ್ತು ದಿತಾಲಿನಿ ಎಂಬ ಪುಟ್ಟ ಕೊಳವೆಯಾಕಾರದ ಪಾಸ್ತಾ ಎರಡು ಪೊಟ್ಟಣ. ದಿತಾಲಿನಿ ಎಂದರೆ ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಬೆರಳಟೋಪಿಗಳು, ದರ್ಜಿಗಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅವೇ. ಕಲಕುವುದಕ್ಕೆ ನಮ್ಮ ಮದುವೆಯಲ್ಲಿ ಅಮ್ಮ ಕೊಟ್ಟ ಹಿತ್ತಾಳೆ ಸೌಟನ್ನು ತೆಗೆದುಕೊಂಡೆ. ಅದನ್ನು ಹುಳಿ ಪದಾರ್ಥಕ್ಕೆ ಅದ್ದಕೂಡದೆಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು. ಆದರೆ ಅಷ್ಟು ಉದ್ದದ ಹಿಡಿಯಿರುವ ಸೌಟು ಮನೆಯಲ್ಲಿ ಬೇರೊಂದಿರಲಿಲ್ಲ, ಮತ್ತು ಅವಳು ಬೆಳಗಿನ ಎಂಟರವರೆಗೆ ಬರುವವಳಲ್ಲ.

ಖೀಮಾವನ್ನು ಕಂದು ಬಣ್ಣ ಬರುವಂತೆ ಹುರಿಯಬೇಕು ಎಂದು ಪಾಕವಿಧಾನದಲ್ಲಿತ್ತು. ಎರಡು ಪೌಂಡನ್ನೂ ಒಮ್ಮೆಗೇ ಪಾತ್ರೆಗೆ ಸುರಿದೆ. ಅದು ಕಂದಾಗಲಿಲ್ಲ, ಬೂದು ಬಣ್ಣಕ್ಕೆ ತಿರುಗಿ, ತನ್ನದೇ ನೀರಿನಲ್ಲಿ ಗುಳುಗುಳು ಎನ್ನುತ್ತ ಸ್ನಾನ ಮಾಡತೊಡಗಿತು. ನೀರಿರುವವರೆಗೆ ಪಾತ್ರೆಯ ಶಾಖ ನೂರು ಡಿಗ್ರಿಯ ಆಸುಪಾಸು ದಾಟುವುದಿಲ್ಲ, ಬಾಡು ಕಂದಾಗಿ ಘಮ್ಮೆನ್ನುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ ಬೇಕು. 1912ರಲ್ಲಿ ಮೈಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ವಿವರಿಸಿದ ಈ ಕ್ರಿಯೆಗೆ ಇಂದು ಅವನ ಹೆಸರೇ ಇದೆ. ಅವನ ಹೆಸರನ್ನೂ ಕೇಳದ ನನ್ನ ಅಮ್ಮ ಒಲೆಯ ಮುಂದೆ ನಿಂತು ‘ಬಾಡು ನೀರು ಬಿಡ್ತದೆ, ಆ ನೀರು ಇಂಗೋ ತನಕ ಹುರಿ’ ಎಂದು ನೂರು ಸಲವಾದರೂ ಹೇಳಿದ್ದಳು. ಆದರೆ ಅದು ಸಾರಿನ ಮಾತು, ಇದು ಸೂಪ್. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಆ ರಾತ್ರಿ ತೋಚಲಿಲ್ಲ. ಇಂಗಲು ಬಿಡುವ ತಾಳ್ಮೆಯಿಲ್ಲದೆ ಉರಿಯನ್ನು ತುದಿಯವರೆಗೆ ತಿರುಗಿಸಿ, ಗಜ್ಜರಿ ಹೆಚ್ಚಲು ಬೆನ್ನು ತಿರುಗಿಸಿದೆ.

ನೀರು ಇಂಗಿತು. ಐದರಲ್ಲೊಂದು ಪಾಲು ಕೊಬ್ಬೇ ಇದ್ದ ಆ ಖೀಮಾ ಕಂದಾಯಿತು. ಕಂದಾಗಿ ಅಲ್ಲಿಗೇ ನಿಲ್ಲಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಅಡುಗೆಮನೆಯ ಮಾಡಿನಲ್ಲಿದ್ದ ಹೊಗೆಗಂಟೆ ಕಿವಿ ಕಿತ್ತುಹೋಗುವಂತೆ ಕೂಗಲಾರಂಭಿಸಿತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದು, ಕುರ್ಚಿಯ ಮೇಲೆ ನಿಂತು, ಜಾತ್ರೆಯಲ್ಲಿ ಚಾಮರ ಬೀಸುವವನಂತೆ ಆ ಬಿಳಿಯ ಡಬ್ಬಿಗೆ ಗಾಳಿ ಹಾಕಿದೆ. ಅದು ಪ್ರಸನ್ನವಾಗಲಿಲ್ಲ. ಬಾಲ್ಕನಿಯ ಬಾಗಿಲನ್ನು ಪೂರ್ತಿ ತೆರೆದಾಗ ಹೊರಗಿನ ಚಳಿ ಒಳನುಗ್ಗಿತೇ ವಿನಾ ಒಳಗಿನ ಹೊಗೆ ಹೊರಗೆ ಹೋಗಲು ಮನಸ್ಸು ಮಾಡಲಿಲ್ಲ. ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ರಾತ್ರಿಯ ಉಡುಪಿನ ಮೇಲೆ ದಪ್ಪ ಕೋಟು ಹಾಕಿಕೊಂಡು ಬಾಗಿಲು ತಟ್ಟಿ, ಒಳಗೆ ಬಂದು, ನನ್ನನ್ನು ಕುರ್ಚಿಯಿಂದ ಇಳಿಸಿ, ಪೊರಕೆಯ ತುದಿಯಿಂದ ಡಬ್ಬಿಯ ಗುಂಡಿಯನ್ನು ಒಮ್ಮೆ ಒತ್ತಿದಳು. ಮೌನ ಆವರಿಸಿತು. ಅವಳು ಪಾತ್ರೆಯೊಳಗೆ ಬಗ್ಗಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೊರಟುಹೋದಳು. ಅವಳು ತಾಯಿಯ ಕಡೆಯಿಂದ ಇಟಲಿಯವಳು, ತಂದೆಯ ಕಡೆಯಿಂದ ನಾರ್ವೆಯವಳು. ಆ ಕ್ಷಣದಲ್ಲಿ ಅವಳ ಬಾಯಿ ಮುಚ್ಚಿಸಿದ್ದು ನಾರ್ವೆಯ ರಕ್ತವೇ ಇರಬೇಕು.

ತಳ ಹಿಡಿದಿದ್ದನ್ನು ಟೊಮೆಟೊ ರಸ ಹಾಕಿ ಕೆರೆದದ್ದೇ ಒಳ್ಳೆಯದಾಯಿತು; ಕಟ್ಟಿಗೆ ಕಪ್ಪು ಹೊಂಬಣ್ಣವೂ ರುಚಿಯೂ ಬಂದವು. ಇನ್ನು ಪಾಸ್ತಾ. ಬೇಕಾಗಿದ್ದದ್ದು ಎರಡು ಕಪ್, ಅಂದರೆ ಒಂದು ಪೊಟ್ಟಣದ ಮುಕ್ಕಾಲು ಪಾಲಿಗೂ ಕಡಿಮೆ. ಅಳೆದೇ ಹಾಕಿದೆ. ಆದರೆ ಆ ದೊಡ್ಡ ಪಾತ್ರೆಯಲ್ಲಿ ಅವು ಅಲ್ಲೊಂದು ಇಲ್ಲೊಂದು ತೇಲುತ್ತಿದ್ದುದನ್ನು ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಊರಿನಿಂದ ಬಂದ ಒಬ್ಬನೇ ಒಬ್ಬ ಮನುಷ್ಯ ಸೂಪಿನಲ್ಲಿಯೂ ಜಿಪುಣತನ ಮಾಡಿದನಲ್ಲ ಎಂದು ನಾಳೆ ಯಾರಾದರೂ ಅಂದುಕೊಂಡರೆ? ಪೊಟ್ಟಣದಲ್ಲಿ ಉಳಿದಿದ್ದನ್ನು ಹಾಕಿದೆ. ಆಗಲೂ ನೀರುನೀರಾಗಿಯೇ ಕಂಡದ್ದರಿಂದ, ಹೇಗೂ ತಂದಾಗಿದೆಯಲ್ಲ ಎಂದು ಎರಡನೆಯ ಪೊಟ್ಟಣವನ್ನೂ ಹರಿದು ಸುರಿದೆ. ಒಟ್ಟು 900 ಗ್ರಾಮಿಗೂ ಸ್ವಲ್ಪ ಹೆಚ್ಚು. ಹತ್ತು ನಿಮಿಷ ಕುದಿದ ಮೇಲೆ ಒಂದು ಬಟ್ಟಲಿಗೆ ಹಾಕಿಕೊಂಡು ಉಂಡೆ. ಎಷ್ಟು ರುಚಿಯಾಗಿತ್ತೆಂದರೆ, ನಿಂತಲ್ಲೇ ಇನ್ನೊಂದು ಬಟ್ಟಲು ಹಾಕಿಕೊಂಡೆ. ಸ್ವಲ್ಪ ಗಟ್ಟಿಯಿತ್ತು, ನಿಜ. ಗಟ್ಟಿಯಿರುವುದೇ ಲಕ್ಷಣವೆಂದು ಸಮಾಧಾನ ಮಾಡಿಕೊಂಡೆ.

ಇಲ್ಲಿ ನನ್ನ ಅಪರಾಧವನ್ನು ಒಪ್ಪಿಕೊಳ್ಳಬೇಕು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಕ್ಷಮೆಯಿರುತ್ತಿತ್ತು. ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಶಾವಿಗೆ ಪಾಯಸ ಮಾಡುವಾಗ, ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆಯೇ ಅಜ್ಜಿ ಶಾವಿಗೆಯನ್ನು ಹಾಲಿಗೆ ಬಿಡುತ್ತಿದ್ದಳು. ಮೊದಲೇ ಬಿಟ್ಟರೆ ಅದು ಹಾಲನ್ನೆಲ್ಲ ಕುಡಿದು ಕೂರುತ್ತದೆ ಎಂಬುದು ಅವಳ ದೂರು. ಮರುದಿನ ಉಳಿದ ಪಾಯಸವನ್ನು ನಾವು ಮಕ್ಕಳು ಚಾಕುವಿನಿಂದ ಕತ್ತರಿಸಿ ಬರ್ಫಿಯೆಂದು ಹಂಚಿಕೊಳ್ಳುತ್ತಿದ್ದೆವು. ಪಾಸ್ತಾ ಮಾಡುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ; ನಮ್ಮ ಅಂಗಡಿಗಳಲ್ಲಿ ಬನ್ಸಿ ರವೆ ಎಂದು ಮಾರುವುದೂ ಅದೇ ಗೋಧಿಯದ್ದು. ಒಲೆ ಆರಿಸಿದ ಮೇಲೂ ಅದರೊಳಗಿನ ಪಿಷ್ಟ ನೀರು ಹೀರುವುದನ್ನು ನಿಲ್ಲಿಸುವುದಿಲ್ಲ. ಶಾವಿಗೆಗೆ ಇಟಾಲಿಯನ್ ಹೆಸರಿಟ್ಟು ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ಅದರ ಬುದ್ಧಿಯೂ ಬದಲಾಗಿರುತ್ತದೆ ಎಂದು ನಾನು ನಂಬಿದ್ದೆ.

ರಾತ್ರಿ ಹತ್ತಾಗಿತ್ತು. ಬಿಸಿ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೆ ಒಳಗಿರುವುದೆಲ್ಲ ಬೆಚ್ಚಗಾಗುತ್ತದೆ, ಒಲೆಯ ಮೇಲೆ ಬಿಟ್ಟರೆ ಹಳಸುತ್ತದೆ. ಅಡುಗೆಯನ್ನು ಎರಡು ಗಂಟೆಯೊಳಗೆ ತಂಪಿಗೆ ಸೇರಿಸಬೇಕು, ಅದಕ್ಕಾಗಿ ಸಣ್ಣ ಅಗಲ ಡಬ್ಬಿಗಳಿಗೆ ಹಂಚಿಡಬೇಕು ಎಂಬುದು ಇಲ್ಲಿಯ ಸರ್ಕಾರದ ಉಪದೇಶ. ಆದರೆ ಡಬ್ಬಿ ತೊಳೆಯುವವನು ನಾನು. ಬಾಲ್ಕನಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿರುವಾಗ ದೇವರು ಕೊಟ್ಟ ಫ್ರಿಜ್ಜನ್ನು ಬಿಡುವುದುಂಟೇ? ಮುಚ್ಚಳ ಹಾಕಿದ ಪಾತ್ರೆಯನ್ನು ಹೊರಗೆ ತಂದು ಹಿಮದ ರಾಶಿಯ ಮೇಲೆ ಕೂರಿಸಿದೆ. ಅದು ಚುಯ್ಯೆಂದು ನಾಲ್ಕು ಬೆರಳು ಇಳಿಯಿತು, ಸ್ವಲ್ಪ ವಾಲಿತು, ನಿಂತಿತು. ಬೆರಳುಗಳು ಮರಗಟ್ಟುವ ಮೊದಲು ಒಳಗೋಡಿ ಬಾಗಿಲು ಹಾಕಿಕೊಂಡೆ.

ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ಪಾತ್ರೆಯ ಕೊರಳು ಮಾತ್ರ ಕಾಣುತ್ತಿತ್ತು. ಬಿಸಿಗೆ ಕರಗಿದ ಹಿಮ ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿ, ಪಾತ್ರೆಯ ಸುತ್ತ ಗಾರೆ ಹಾಕಿದಂತೆ ಹಿಡಿದುಕೊಂಡಿತ್ತು. ಕಿವಿಗಳನ್ನು ಹಿಡಿದೆಳೆದರೆ ಬಾಲ್ಕನಿಯೇ ಅಲುಗಿದಂತಾಯಿತೇ ಹೊರತು ಪಾತ್ರೆ ಅಲುಗಲಿಲ್ಲ. ಕೆಟಲಿನಲ್ಲಿ ನೀರು ಕಾಯಿಸಿ ತಂದು ಸುತ್ತ ಹೊಯ್ದು, ಅದು ಮತ್ತೆ ಮಂಜುಗಡ್ಡೆಯಾಗುವುದರೊಳಗೆ ಚಮಚದ ಹಿಡಿಯಿಂದ ಅಗೆದು, ಪುರಾತತ್ವ ಇಲಾಖೆಯವರು ವಿಗ್ರಹವನ್ನು ಎತ್ತುವಷ್ಟು ಜೋಪಾನವಾಗಿ ಅದನ್ನು ಮೇಲೆತ್ತಿದೆ. ಮುಚ್ಚಳ ತೆಗೆದಾಗ ಮೇಲೆ ತೆಳುವಾದ ಬಿಳಿ ಕೊಬ್ಬಿನ ಪದರ. ಅದರ ಕೆಳಗೆ ಸೂಪ್ ಇರಲಿಲ್ಲ. ಒಂದೊಂದು ದಿತಾಲಿನಿಯೂ ಮೂರರಷ್ಟು ಊದಿಕೊಂಡು, ಬೆರಳಟೋಪಿಯ ಬದಲು ಬೆರಳೇ ಆಗಿ, ಒಂದಕ್ಕೊಂದು ಅಂಟಿ ಕುಳಿತಿತ್ತು. ಚಮಚವನ್ನು ನಡುವೆ ಚುಚ್ಚಿ ಕೈ ಬಿಟ್ಟೆ. ಅದು ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತು.

ಹಾಸನದಲ್ಲಿ ಆಗ ಸಂಜೆ ಆರು. ವಿಡಿಯೊ ಕರೆಯಲ್ಲಿ ಪಾತ್ರೆಯನ್ನು ಓರೆ ಮಾಡಿ ತೋರಿಸಿದಾಗ ಅಮ್ಮ ಕನ್ನಡಕ ಸರಿಮಾಡಿಕೊಂಡಳು.

“ಉಪ್ಪಿಟ್ಟು ಚೆನ್ನಾಗೈತೆ ಕಣೋ. ಏನು ಹಾಕಿದ್ದೀಯ?”

“ಉಪ್ಪಿಟ್ಟಲ್ಲಮ್ಮ, ಸೂಪು. ದನದ ಬಾಡಿಂದು. ಸಂಜೆ ಚರ್ಚಿಗೆ ತಗೊಂಡು ಹೋಗಬೇಕು.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

“ಇವತ್ತು ಯಾವ ವಾರ ಮಗ?”

“ಶುಕ್ರವಾರ.”

“ಯಾವ ಕಾಲ?”

“ಚಳಿಗಾಲ” ಎಂದವನು ಅಲ್ಲಿಗೇ ನಿಂತೆ. ಅಮ್ಮನ ಹೆಗಲ ಮೇಲೆ ದೇವಾಲಯಕ್ಕೆ ಹೋಗುವಾಗ ಹೊದೆಯುವ ಬಿಳಿ ಶಾಲಿತ್ತು. ಅವಳು ಆಗತಾನೇ ಶಿಲುಬೆಹಾದಿಯ ಪ್ರಾರ್ಥನೆ ಮುಗಿಸಿಕೊಂಡು ಬಂದಿದ್ದಳು. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಾದ ತಪಸ್ಸುಕಾಲದ ಶುಕ್ರವಾರಗಳಲ್ಲಿ ಹದಿನಾಲ್ಕು ವರ್ಷ ತುಂಬಿದ ಕಥೋಲಿಕರು ಮಾಂಸ ತಿನ್ನುವಂತಿಲ್ಲ. ನಮ್ಮ ಚರ್ಚಿನಲ್ಲಿ ಆ ಸೂಪಿನ ಸಂಜೆಗಳನ್ನು ನಡೆಸುವುದೇ ಅದಕ್ಕಾಗಿ. ಹಾಳೆಯಲ್ಲಿ ಯಾವ ಸೂಪ್ ಎಂದು ಕೇಳದಿದ್ದದ್ದು ಯಾಕೆಂದು ಆಗ ಹೊಳೆಯಿತು: ಕೇಳಬೇಕಾದೀತು ಎಂದು ಯಾರಿಗೂ ಅನಿಸಿರಲಿಕ್ಕಿಲ್ಲ.

“ಬಾಡು ಆರಿಸಿ ತೆಗೆದುಬಿಟ್ಟರೆ ಆಗಲ್ವೇನಮ್ಮ?”

“ಖೀಮಾ ಆರಿಸ್ತೀಯಾ? ಆರಿಸು. ಈಸ್ಟರ್ ಹೊತ್ತಿಗೆ ಮುಗೀತದೆ.”

ಮೇಲಿನ ಮನೆಯ ಅಜ್ಜಿಗೆ ಒಂದು ತಟ್ಟೆ ಕೊಟ್ಟು ರಾತ್ರಿಯ ಗದ್ದಲಕ್ಕೆ ಕ್ಷಮೆ ಕೇಳೋಣವೆಂದು ಹೋದೆ. ಅವಳು ಲುಥೆರನ್ ಪಂಗಡದವಳಾದ್ದರಿಂದ ಅವಳಿಗೆ ಶುಕ್ರವಾರದ ಅಡ್ಡಿಯಿರಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹಿಂದಿನ ರಾತ್ರಿ ನುಂಗಿಕೊಂಡಿದ್ದನ್ನು ಈಗ ಹೇಳಿದಳು. ಪಾಸ್ತಾವನ್ನು ಬೇರೆ ಬೇಯಿಸಿಟ್ಟುಕೊಂಡು ಬಡಿಸುವಾಗ ಬಟ್ಟಲಿಗೆ ಹಾಕಬೇಕಂತೆ. ಅವಳ ತಾಯಿ ಕಥೋಲಿಕಳಾಗಿದ್ದ ಕಾಲದಲ್ಲಿ ಶುಕ್ರವಾರಗಳಂದು ಮಾಡುತ್ತಿದ್ದುದೇ ಪಾಸ್ತಾ ಎ ಫಜೋಲಿಯಂತೆ, ಆದರೆ ಅದರಲ್ಲಿ ಬಾಡು ಇರುತ್ತಿರಲಿಲ್ಲವಂತೆ. ಅಂದರೆ, ಒಂದು ಪದಾರ್ಥವನ್ನು ಕಡಿಮೆ ಮಾಡಿದ್ದರೆ ನಾನು ಆ ಸಂಜೆಗೆ ಹೇಳಿಮಾಡಿಸಿದ ಅಡುಗೆಯನ್ನೇ ಮಾಡಿರುತ್ತಿದ್ದೆ. ಬಳಿಕ ತಟ್ಟೆಯನ್ನು ಮೂಸಿ, ತಂದೆಯ ಕಡೆಯ ತೀರ್ಪನ್ನೂ ಕೊಟ್ಟಳು: “ಇದು ಸೂಪ್ ಅಲ್ಲ, ಹಾಟ್‌ಡಿಶ್. ಮೇಲೆ ಚೀಸ್ ಉದುರಿಸಿ ಓವನ್ನಿನಲ್ಲಿಡು.” ಹಾಟ್‌ಡಿಶ್ ಎಂದರೆ ಮಿನೆಸೋಟಾದವರ ಮನೆಮನೆಯ ಅಡುಗೆ. 1930ರಲ್ಲಿ ಮ್ಯಾಂಕೇಟೊ ಊರಿನ ಲುಥೆರನ್ ಚರ್ಚೊಂದರ ಮಹಿಳೆಯರು ಹೊರತಂದ ಅಡುಗೆ ಪುಸ್ತಕದಲ್ಲಿ ಅದರ ಹಳೆಯ ವಿಧಾನವೊಂದಿದೆ. ಅದಕ್ಕೆ ಬೇಕಾದದ್ದು ದನದ ಖೀಮಾ, ಈರುಳ್ಳಿ, ಸೆಲರಿ, ಬಟಾಣಿ, ಡಬ್ಬಿಯ ಟೊಮೆಟೊ ಸೂಪ್ ಮತ್ತು ಮ್ಯಾಕರೋನಿ. ಬಟಾಣಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲವನ್ನೂ ನಾನು ನನಗರಿವಿಲ್ಲದೆಯೇ ಸೇರಿಸಿದ್ದೆ.

ಆ ಸಂಜೆ ಚರ್ಚಿಗೆ ತೊಗರಿಬೇಳೆಯ ತಿಳಿಸಾರನ್ನು ಕೊಂಡೊಯ್ದೆವು. ಒಬ್ಬರು ಎರಡನೆಯ ಸಲ ಬಡಿಸಿಕೊಂಡರು. ಇನ್ನೊಬ್ಬರು ಒಗ್ಗರಣೆಯ ಒಣಮೆಣಸಿನಕಾಯಿಯನ್ನು ಟೊಮೆಟೊ ತುಂಡೆಂದು ಅಗಿದು, ಹೊರಗೆ ಹಿಮದಲ್ಲಿ ನಿಂತು ಬಂದರು. ಶನಿವಾರದಿಂದ ಮುಂದಿನ ಗುರುವಾರದವರೆಗೆ ನಾವಿಬ್ಬರೂ ಹಾಟ್‌ಡಿಶ್ ಉಂಡೆವು. ಬುಧವಾರ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು, “ರೀ, ಇದು ಕಡಿಮೆಯಾಗ್ತಿದೆಯೋ ಹೆಚ್ಚಾಗ್ತಿದೆಯೋ?” ಎಂದು ಕೇಳಿದಳು. ಸಂಶಯ ಅಸಹಜವಾದುದೇನಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಹಿತ್ತಾಳೆ ಸೌಟಿನದಾಗಿತ್ತು. ಅದು ಎಲ್ಲಿಯೂ ಸಿಗಲಿಲ್ಲ. ಹುಳಿಗೆ ಅದ್ದಿ ಕಪ್ಪಾಗಿಸಿ, ಬೈಗುಳಕ್ಕೆ ಹೆದರಿ ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆಂದು ಅವಳು, ಅವಳೇ ಜೋಪಾನವಾಗಿ ಎತ್ತಿಟ್ಟು ಮರೆತಿದ್ದಾಳೆಂದು ನಾನು, ಮಾರ್ಚ್ ತಿಂಗಳಿಡೀ ವಾದ ಮಾಡಿದೆವು.

ಏಪ್ರಿಲಿನ ಎರಡನೆಯ ವಾರ ಬಾಲ್ಕನಿಯ ಹಿಮ ಕರಗುತ್ತ ಬಂದಾಗ, ಪಾತ್ರೆ ಕೂತಿದ್ದ ದುಂಡನೆಯ ಗುಂಡಿಯ ಪಕ್ಕದಲ್ಲಿ ಒಂದು ಹಿಡಿ ಕಾಣಿಸಿತು. ಆ ರಾತ್ರಿ ಮುಚ್ಚಳದ ಮೇಲೆ ಸೌಟನ್ನಿಟ್ಟು ತಂದದ್ದೂ, ಪಾತ್ರೆ ವಾಲಿದಾಗ ಏನೋ ಜಾರಿದಂತಾದದ್ದೂ ಆಗ ನೆನಪಾಯಿತು. ಹೆಂಡತಿಯೇ ಅದನ್ನು ಎಳೆದು ತೆಗೆದು, ಒಂದು ಮಾತೂ ಆಡದೆ, ನನ್ನ ಮುಖದ ಮುಂದೆ ಹಿಡಿದಳು. ಸೌಟಿನ ಅಂಚಿಗೆ ಹಸಿರು ಕಿಲುಬು ಕಟ್ಟಿತ್ತು, ಗುಳಿಯಲ್ಲಿ ನಾಲ್ಕು ದಿತಾಲಿನಿಗಳು ಒಂದಕ್ಕೊಂದು ಒರಗಿಕೊಂಡು ಕುಳಿತಿದ್ದವು. ಸಾರು ಒಂದು ತೊಟ್ಟೂ ಉಳಿದಿರಲಿಲ್ಲ.